ಪಡುವಣ ಗೋಡೆಗೆ ಎರಡು ಬೇಸಿಗೆ

ಮುರುಗೆಪ್ಪ ಕಲ್ಲೂರ ಅವರು ಹೊಸದಾಗಿ ಏನನ್ನೂ ಕಟ್ಟಿದವರಲ್ಲ. ಇದ್ದ ಒಂದು ಗೋಡೆಯನ್ನು ಬೀಳದಂತೆ ಉಳಿಸಿದರು, ಅಷ್ಟೆ. ಆ ಗೋಡೆ ಅವರ ದೇವರ ಮನೆಯದಲ್ಲ, ಅವರ ಊರಿನದಲ್ಲ, ಅವರಿಗೆ ಸಂಬಳ ಕೊಡುವ ಕಂಪನಿಯದೂ ಅಲ್ಲ. ನಾನು ಕಂಡ ವಿದ್ವಾಂಸರ ಬಗ್ಗೆ ಬರೆಯಲು ಅವರವರ ಶಿಷ್ಯರಿದ್ದಾರೆ. ಅಮೆರಿಕದ ಮಾರಿಸ್‌ಟೌನಿನ ಒಂದು ಆಫೀಸಿನಲ್ಲಿ ಪೈಪುಗಳ ನಕ್ಷೆ ಬರೆಯುವ ಈ ಡ್ರಾಫ್ಟ್ಸ್‌ಮನ್ ಬಗ್ಗೆ ಬರೆಯುವವರು ಯಾರೂ ಇಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಮೊದಲು ಗೋಡೆ ಯಾವುದೆಂದು ಹೇಳಬೇಕು. ಮಾರಿಸ್‌ಟೌನಿನಿಂದ ಪಶ್ಚಿಮಕ್ಕೆ ಆರು ಮೈಲಿ ಹೋದರೆ, ರಸ್ತೆಯ ಎಡಕ್ಕೆ ಮೇಪಲ್ ಮರಗಳ ಹಿಂದೆ ಸೇಂಟ್ ಆಲ್ಡ್‌ಹೆಮ್ ಚರ್ಚು ಇದೆ. ನೋಡಿದರೆ ಏಳುನೂರು ವರ್ಷ ಹಳೆಯದೆನ್ನಿಸುತ್ತದೆ. ಕಟ್ಟಿದ್ದು ೧೮೪೯ರಲ್ಲಿ. ಇಂಗ್ಲೆಂಡಿನ ಪೂರ್ವ ಸೀಮೆಯ ಒಂದು ಹಳ್ಳಿಯಲ್ಲಿ ಹದಿಮೂರನೆಯ ಶತಮಾನದ ಪುಟ್ಟ ಚರ್ಚೊಂದಿದೆ. ಹಳೆಯ ಕಾಲದ ಕಟ್ಟಡವೇ ನಿಜವಾದ ಆರಾಧನೆಗೆ ತಕ್ಕದ್ದು ಎಂದು ನಂಬಿದ ಕೆಲವರು ಅದನ್ನು ಅಂಗುಲ ಅಂಗುಲವಾಗಿ ಅಳೆದು, ನಕ್ಷೆ ಬರೆಸಿ, ಅಮೆರಿಕಕ್ಕೆ ಕಳಿಸಿದರು. ನ್ಯೂಜೆರ್ಸಿಯ ಕಂದು ಮರಳುಗಲ್ಲಿನಲ್ಲಿ ಇಲ್ಲಿನವರು ಅದನ್ನೇ ಮತ್ತೊಮ್ಮೆ ಕಟ್ಟಿದರು. ಮೂರಡಿ ದಪ್ಪದ ಗೋಡೆ. ಈಟಿಯ ತುದಿಯಂತೆ ಚೂಪಾದ ಕಿರಿದಾದ ಕಿಟಕಿಗಳು. ಜನ ನಿಲ್ಲುವ ಉದ್ದನೆಯ ಅಂಕಣ, ಅದರಾಚೆ ಪೂರ್ವಕ್ಕೆ ಪಾದ್ರಿಗೆ ಮೀಸಲಾದ ಚಾನ್ಸೆಲ್ ಎಂಬ ಚಿಕ್ಕ ಭಾಗ. ನಮ್ಮವರು ಒಳಗೆ ಕಾಲಿಟ್ಟೊಡನೆ ನವರಂಗ, ಗರ್ಭಗುಡಿ ಎಂದು ಹೋಲಿಸತೊಡಗುತ್ತಾರೆ. ಹೋಲಿಕೆ ಸುಲಭವಾಗಿದೆ, ಪೂರ್ತಿ ಸರಿಯಾಗಿಲ್ಲ. ದಕ್ಷಿಣಕ್ಕೆ ಒಂದು ಮುಖಮಂಟಪ. ಮೂಲ ಚರ್ಚಿನ ಕಾಲದಲ್ಲಿ ಹಳ್ಳಿಯವರ ಮದುವೆಯ ಮಾತು, ಜಮೀನಿನ ಮಾತು, ಎರಡೂ ಅಂಥ ಮಂಟಪದಲ್ಲೇ ಸಾಕ್ಷಿಗಳ ಎದುರು ನಡೆಯುತ್ತಿದ್ದವು. ಪಡುವಣ ಗೋಡೆಯ ನೆತ್ತಿಯ ಮೇಲೆ ಎರಡು ಗಂಟೆಗಳ ಕಲ್ಲಿನ ಗೂಡು.

ಉತ್ತರದ ಗೋಡೆಯಲ್ಲಿ ಒಂದು ವಿಚಿತ್ರವಿದೆ. ಇಂಗ್ಲೆಂಡಿನ ಮೂಲ ಚರ್ಚಿನಲ್ಲಿ ಅಲ್ಲಿ ಒಂದು ಬಾಗಿಲಿತ್ತು. ಹಬ್ಬದ ಮೆರವಣಿಗೆ ಅದರಿಂದ ಹೊರಗೆ ಹೋಗಿ ಚರ್ಚನ್ನು ಸುತ್ತಿ ಬರುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಧರ್ಮದ ಕ್ರಮ ಬದಲಾಗಿ ಮೆರವಣಿಗೆ ನಿಂತಿತು. ಬಾಗಿಲಿನಿಂದ ಚಳಿಗಾಳಿಯ ಹೊರತು ಇನ್ನೇನೂ ಬರುತ್ತಿರಲಿಲ್ಲವಾದ್ದರಿಂದ ಅದನ್ನು ಕಲ್ಲಿನಿಂದ ಮುಚ್ಚಿದರು. ಅಳತೆಗೆ ಹೋದವನು ಮುಚ್ಚಿದ ಬಾಗಿಲನ್ನೂ ನಕ್ಷೆಯಲ್ಲಿ ಬರೆದ. ನ್ಯೂಜೆರ್ಸಿಯ ಗಾರೆಯವರು ನಕ್ಷೆಯನ್ನು ನಂಬಿದರು. ಕಮಾನು ಕಟ್ಟಿ, ಹೊಸ್ತಿಲಿಟ್ಟು, ಅದರ ಹೊಟ್ಟೆಗೆ ತಾವೇ ಕಲ್ಲು ತುಂಬಿ ಮುಚ್ಚಿದರು. ಹುಟ್ಟಿದಾಗಿನಿಂದ ಯಾರೂ ದಾಟದ ಬಾಗಿಲು ಅದು. ಮುಂದೆ ಇಡೀ ಸಂಗತಿ ಅದರ ಮೇಲೆಯೇ ನಿಂತಿತು.

ಚರ್ಚಿಗೆ ಹೊಂದಿಕೊಂಡ ಒಂದು ಸಭಾಂಗಣವಿದೆ. ಎಪ್ಪತ್ತರ ದಶಕದ ಮೊದಲಿಗೆ ನಮ್ಮ ಕಡೆಯ ಮೂವತ್ತು ನಲವತ್ತು ಕುಟುಂಬಗಳು ಯುಗಾದಿಗೆ, ರಾಜ್ಯೋತ್ಸವಕ್ಕೆ ಅದನ್ನು ಬಾಡಿಗೆಗೆ ಹಿಡಿಯುತ್ತಿದ್ದೆವು. ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿಡಬೇಕು ಎನ್ನುವುದೊಂದೇ ಪಾದ್ರಿ ಹಾಲ್ಸಿಯವರ ಷರತ್ತು. ಸಮೀಪದ ಮಹಿಳಾ ಕಾಲೇಜಿನಲ್ಲಿ ಮಧ್ಯಯುಗದ ಯೂರೋಪಿನ ಇತಿಹಾಸ ಕಲಿಸುತ್ತಿದ್ದ ನನಗೆ ಅವರ ಪರಿಚಯವಿತ್ತು. ಹಾಲ್ ಸಿಕ್ಕಿದ್ದು ಹಾಗೆ.

೧೯೭೩ರ ಯುಗಾದಿಯ ಊಟದ ಹೊತ್ತಿಗೆ ಮುರುಗೆಪ್ಪನವರು ಕಾಣಲಿಲ್ಲ. ನಮ್ಮ ಕನ್ನಡ ಕೂಟದ ಕಾರ್ಯದರ್ಶಿ ಅಶ್ವತ್ಥನಾರಾಯಣ ಹುಡುಕಿಕೊಂಡು ಹೊರಟ. ಬೆಂಗಳೂರಿನವನು, ಎಂಜಿನಿಯರಿಂಗಿನಲ್ಲಿ ಡಾಕ್ಟರೇಟ್ ಮಾಡಿದವನು, ಯಾವ ಮಾತನ್ನೂ ತಮಾಷೆ ಮಾಡದೆ ಬಿಡುವವನಲ್ಲ. ನಾನೂ ಗಾಳಿಗೆಂದು ಹೊರಗೆ ಬಂದೆ. ಮುರುಗೆಪ್ಪನವರು ಪಡುವಣ ಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಾರಿನ ಕೀಲಿಯಿಂದ ಕಲ್ಲಿನ ಸಂದನ್ನು ಕೆರೆಯುತ್ತಿದ್ದರು. ಆಗ ಅವರಿಗೆ ನಲವತ್ತಮೂರು. ಗುಳೇದಗುಡ್ಡದ ಕಡೆಯವರು. ತಂದೆ ಗೌಂಡಿ, ಅಂದರೆ ಗಾರೆ ಕೆಲಸದವರು. ಮಗ ಡಿಪ್ಲೊಮಾ ಮಾಡಿ, ಮುಂಬಯಿಯ ಕಂಪನಿಯೊಂದನ್ನು ಸೇರಿ, ೧೯೬೬ರಲ್ಲಿ ಇಲ್ಲಿಗೆ ಬಂದಿದ್ದರು.

"ಮುರುಗೆಪ್ಪನವರೇ, ಹೋಳಿಗೆ ಆರಿ ಹೋಗ್ತಿದೆ. ಗೋಡೆ ಎಲ್ಲಿಗೂ ಓಡಿ ಹೋಗಲ್ಲ ಬನ್ನಿ," ಎಂದ ಅಶ್ವತ್ಥನಾರಾಯಣ.

"ಓಡಿ ಹೋಗಂಗಿಲ್ರಿ. ಬೀಳತೈತಿ."

ನನ್ನನ್ನು ಕಂಡು ಎದ್ದು ನಿಂತರು. ಅವರ ಸೀಮೆಯಲ್ಲಿ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರು. "ಅಕ್ಕೋರ, ಇಲ್ಲಿ ನೋಡ್ರಿ. ಯಾರೋ ಸಂದಿಗೆಲ್ಲ ಸಿಮೆಂಟ್ ಬಡದಾರ. ಮಳಿ ನೀರು ಒಳಗ ಹೋಗತೈತಿ, ಹೊರಗ ಬರಾಕ ದಾರಿ ಇಲ್ಲ. ಸುಣ್ಣ ಇದ್ದಿದ್ರ ಸಂದ್ಯಾಗಿಂದ ಆರತಿತ್ತು. ಈಗ ಕಲ್ಲಿನಾಗಿಂದನ ಬರಬೇಕು. ಚಳಿಗಾಲದಾಗ ಅದು ಬರ್ಫ ಆಗತೈತಿ, ಕಲ್ಲಿನ ಮಾರಿ ಕಿತ್ತು ಬೀಳತೈತಿ." ಬೆರಳಿನಿಂದ ಕಲ್ಲಿನ ಮುಖವನ್ನು ಮೀಟಿದರು. ಅಂಗೈಯಗಲದ ಕಂದು ಹಪ್ಪಳವೊಂದು ಬಿಟ್ಟುಬಂತು.

ಇದು ಚರ್ಚಿನವರಿಗೆ ತಿಳಿಯದ ವಿಷಯವಾಗಿರಲಿಲ್ಲ. ಗೋಡೆ ಕೆಡುತ್ತಿದೆ ಎನ್ನುವುದು ಗೊತ್ತಿತ್ತು, ಯಾಕೆನ್ನುವುದು ಗೊತ್ತಿರಲಿಲ್ಲ. ಗಂಟೆಗೂಡಿನ ಕಲ್ಲೊಂದು ಆ ಫೆಬ್ರವರಿಯಲ್ಲಿ ಹುಲ್ಲಿನ ಮೇಲೆ ಬಿದ್ದಿತ್ತು. ಆಡಳಿತ ಮಂಡಳಿಯ ಹಿರಿಯ ವಾರ್ಡನ್ ವ್ಯಾನ್ ಡೈನ್ ಎಂಬವರು ಒಬ್ಬ ಕಂಟ್ರಾಕ್ಟರನನ್ನು ಗೊತ್ತುಮಾಡಿದ್ದರು. ಗೂಡನ್ನೂ ಪಡುವಣ ಗೋಡೆಯನ್ನೂ ಇಳಿಸಿ, ಕಾಂಕ್ರೀಟ್ ಇಟ್ಟಿಗೆಯಲ್ಲಿ ಕಟ್ಟಿ, ಹೊರಗೆ ತೆಳುವಾದ ಕಲ್ಲಿನ ಬಿಲ್ಲೆ ಅಂಟಿಸುವ ಯೋಜನೆ.

ಮುರುಗೆಪ್ಪನವರು ಆ ವಾರವೇ ಹಾಲ್ಸಿಯವರನ್ನು ಕಂಡು ಹಳೆಯ ನಕ್ಷೆ ಕೇಳಿದರು. ನಕ್ಷೆಯನ್ನು ಓದುವುದರಲ್ಲಿ ಅವರಿಗಿದ್ದ ಶಕ್ತಿ ನನ್ನ ಯಾವ ವಿದ್ಯಾರ್ಥಿನಿಗೂ ಇರಲಿಲ್ಲ. ಚಾನ್ಸೆಲ್ ಅಂಕಣದ ನೇರಕ್ಕಿಲ್ಲ, ಉತ್ತರಕ್ಕೆ ತುಸು ವಾಲಿದೆ ಎನ್ನುವುದನ್ನು ಮೊದಲ ನೋಟಕ್ಕೇ ಹಿಡಿದರು. ಶಿಲುಬೆಯ ಮೇಲೆ ವಾಲಿದ ಕ್ರಿಸ್ತನ ತಲೆಯ ಸಂಕೇತ ಅದು ಎಂದು ಕೆಲವರು ಹೇಳುತ್ತಾರೆಂದು ನಾನೆಂದೆ.

"ಅಲ್ರಿ ಅಕ್ಕೋರ. ಇದು ಹಗ್ಗದ ತಪ್ಪು. ಇಂಗ್ಲೆಂಡಿನ್ಯಾಗ ಆ ಜಾಗಾದಾಗ ಮೊದಲ ಒಂದು ಸಣ್ಣ ಗುಡಿ ಇದ್ದಿರಬೇಕು. ಅದನ್ನ ಕೆಡವಲಾರದ ಸುತ್ತಲೂ ಹೊಸದು ಕಟ್ಯಾರ. ಅಳತಿ ಹಗ್ಗ ಜಗ್ಗುವಾಗ ಹಳೇದು ನಡುವ ಅಡ್ಡ ಬಂತು, ನೇರ ಕಾಣಲಿಲ್ಲ."

ಈ ವಿಷಯವಾಗಿ ನಾನು ಓದಿದ್ದ ಮೂರು ಲೇಖನಗಳಲ್ಲಿ ಕೊನೆಯದು ಮಾತ್ರ ಈ ತೀರ್ಮಾನಕ್ಕೆ ಬಂದಿತ್ತು, ಅದೂ ನಲವತ್ತು ಪುಟ ಬರೆದ ಮೇಲೆ.

ಮುಚ್ಚಿದ ಬಾಗಿಲನ್ನು ಅವರು ಕಂಡುಕೊಂಡದ್ದು ಆ ನಕ್ಷೆಯಿಂದಲೇ. ಉತ್ತರದ ಗೋಡೆಗೆ ಒತ್ತಿಕೊಂಡು ಬೆಳೆದ ಪೊದೆಗಳ ಹಿಂದೆ ಅದು ಮರೆಯಾಗಿತ್ತು. ಸಿಮೆಂಟಿನವರೂ ಪೊದೆಗೆ ಹೆದರಿ ಅದನ್ನು ಮುಟ್ಟಿರಲಿಲ್ಲ. ಅಲ್ಲಿ ೧೮೪೯ರ ಸುಣ್ಣದ ಗಾರೆ ಹಾಗೇ ಇತ್ತು. ಸುತ್ತಲಿನ ಒಂದು ಕಲ್ಲೂ ಸಿಪ್ಪೆ ಬಿಟ್ಟಿರಲಿಲ್ಲ. ಕಡಲೆಕಾಳಿನಷ್ಟು ಚೂರು ತೆಗೆದು, ಆಮ್ಲದಲ್ಲಿ ಕರಗಿಸಿ, ಉಳಿದ ಉಸುಕನ್ನು ತೂಗಿ, ಸುಣ್ಣ ಒಂದಕ್ಕೆ ಉಸುಕು ಮೂರು ಎಂದು ಲೆಕ್ಕ ಹಿಡಿದರು.

ಮೇ ತಿಂಗಳ ಮಂಡಳಿ ಸಭೆಗೆ ಅವರು ಬಂದದ್ದು ಒಂದು ಸ್ಟೀಲಿನ ಡಬ್ಬಿಯೊಂದಿಗೆ. ಒಂದು ಸಿಮೆಂಟಿನ ಹೆಂಟೆ, ಒಂದು ಸುಣ್ಣದ ಹೆಂಟೆ ತೆಗೆದು ಮೇಜಿನ ಮೇಲಿಟ್ಟು, ಎರಡರ ಮೇಲೂ ಒಂದೊಂದು ಚಮಚ ನೀರು ಹಾಕಿದರು. ಸಿಮೆಂಟಿನ ಮೇಲೆ ನೀರು ನಿಂತಿತು. ಸುಣ್ಣ ಕುಡಿಯಿತು. ಎಂಟು ಜನ ಬಾಗಿ ನೋಡಿದರು.

"ಸಿಮೆಂಟು ಹಾಕಿಸಿದ್ದು ನಾನು, ೧೯೫೨ರಲ್ಲಿ," ಎಂದರು ವ್ಯಾನ್ ಡೈನ್. ಎಪ್ಪತ್ತು ದಾಟಿದ ಎತ್ತರದ ಮನುಷ್ಯ, ವಿಮಾ ಕಂಪನಿಯಲ್ಲಿದ್ದು ನಿವೃತ್ತರಾದವರು. "ಎಲ್ಲರೂ ಆಗ ಅದನ್ನೇ ಹಾಕಿಸುತ್ತಿದ್ದರು."

"ನಮ್ಮ ಊರಿನಲ್ಲೂ ಈಗ ಅದನ್ನೇ ಹಾಕಿಸುತ್ತಿದ್ದಾರೆ," ಎಂದರು ಮುರುಗೆಪ್ಪ.

ತಾವೇ ಶನಿವಾರ ಭಾನುವಾರ ಕೆಲಸ ಮಾಡುವುದಾಗಿಯೂ ಕೂಲಿ ಬೇಡವೆಂದೂ ಹೇಳಿದರು. ವ್ಯಾನ್ ಡೈನ್ ಅನುಮಾನಿಸಿದರು. ಒಳ್ಳೆಯ ಮನಸ್ಸು, ಸಂತೋಷ, ಆದರೆ ಇವರು ನಮ್ಮ ಪ್ಯಾರಿಷ್‌ನವರಲ್ಲವಲ್ಲ ಎಂದರು. ಹಾಲ್ಸಿ, ತಾವೇ ಸಭೆಗೆ ಕರೆಸಿದ್ದ ನನ್ನ ಕಡೆ ನೋಡಿದರು. ಇದ್ದ ಸಂಗತಿಯನ್ನು ಹೇಳಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಪ್ಯಾರಿಷ್ ಎಂದರೆ ನಂಬಿಕೆಯ ಪಟ್ಟಿಯಲ್ಲ, ನೆಲದ ಗಡಿ. ಆ ಗಡಿಯೊಳಗೆ ವಾಸಿಸುವವರೆಲ್ಲ ಅದರವರು. ಚಾನ್ಸೆಲಿನ ರಿಪೇರಿ ಪಾದ್ರಿಯ ಹೊಣೆ, ಜನ ನಿಲ್ಲುವ ಅಂಕಣದ ರಿಪೇರಿ ಜನರ ಹೊಣೆ. ಪಡುವಣ ಗೋಡೆ ಅಂಕಣದ್ದು.

"ಮಿಸ್ಟರ್ ಕಲ್ಲೂರ್, ನಿಮ್ಮ ಅಪಾರ್ಟ್‌ಮೆಂಟ್ ಇಲ್ಲಿಂದ ಎಷ್ಟು ದೂರ?" ಎಂದು ಕೇಳಿದರು ಹಾಲ್ಸಿ.

"ಎರಡು ಮೈಲಿ."

"ಹಾಗಾದರೆ ಗೋಡೆ ನಿಮ್ಮ ಮೇಲೆ ಬಿತ್ತು."

ಎಲ್ಲರೂ ನಕ್ಕರು. ಗಡುವು ಮಾತ್ರ ನಗುವಿನದಾಗಿರಲಿಲ್ಲ. ಕಂಟ್ರಾಕ್ಟರ್ ವರ್ಷದ ಕೊನೆಯವರೆಗೆ ಕಾಯಲು ಒಪ್ಪಿದ್ದ. ಡಿಸೆಂಬರಿನ ಸಭೆಯ ಹೊತ್ತಿಗೆ ಗೋಡೆ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ಇಳಿಸುವುದು.

ಪೆನ್ಸಿಲ್ವೇನಿಯಾದ ಸುಣ್ಣದ ಭಟ್ಟಿಯೊಂದರಿಂದ ಸುಟ್ಟ ಸುಣ್ಣ ಬಂತು. ಚರ್ಚಿನ ಹಿತ್ತಲಲ್ಲಿ ಗುಂಡಿ ತೋಡಿ, ಹಲಗೆ ಹೊದಿಸಿ, ನೀರು ಬಿಟ್ಟರು. ಸುಣ್ಣ ಕುದಿಯುವುದನ್ನು ನೋಡಲು ಪಾದ್ರಿಯ ನಾಯಿಯವರೆಗೆ ಎಲ್ಲರೂ ಬಂದರು. ಜೂನಿನಿಂದ ಅದನ್ನು ಕೊಳೆಯಲು ಬಿಟ್ಟು, ಮುರುಗೆಪ್ಪನವರು ಸಾರವೆ ಹತ್ತಿ ಉಳಿ ಸುತ್ತಿಗೆಯಿಂದ ಸಿಮೆಂಟ್ ಬಿಡಿಸತೊಡಗಿದರು. ಯಂತ್ರ ತರಲು ಒಪ್ಪಲಿಲ್ಲ, ಅದು ಸಿಮೆಂಟಿನ ಜೊತೆ ಕಲ್ಲಿನ ಅಂಚನ್ನೂ ತಿನ್ನುತ್ತದೆ. ಆ ಗೋಡೆಯ ಸಂದುಗಳನ್ನೆಲ್ಲ ಬಿಡಿಸಿ ಒಂದರ ಮುಂದೊಂದು ಇಟ್ಟರೆ ಅರ್ಧ ಮೈಲಿಯಾಗುತ್ತಿತ್ತು. ಹೆಂಡತಿ ಶೈಲಮ್ಮ ರೊಟ್ಟಿ, ಖಾರದ ಚಟ್ನಿಪುಡಿಯಾದ ಶೇಂಗಾ ಹಿಂಡಿ, ಚಹಾದ ಫ್ಲಾಸ್ಕು ತಂದು ಕಾರಿನಲ್ಲಿ ಕೂರುತ್ತಿದ್ದರು. "ಮನಿಯಾಗ ಒಂದು ಮೊಳಿ ಹೊಡೀರಿ ಅಂದ್ರ ಬಿಲ್ಡಿಂಗಿನ ಸೂಪರಿಂಟೆಂಡೆಂಟ್‌ಗೆ ಫೋನ್ ಮಾಡು ಅಂತಾರ," ಎಂದು ನನಗೆ ಹೇಳಿದರು, ಗಂಡನಿಗೆ ಕೇಳಿಸುವ ಹಾಗೆ.

ಅಶ್ವತ್ಥನಾರಾಯಣ ಒಂದು ಶನಿವಾರ ಲೆಕ್ಸಿಂಗ್ಟನ್ ಅವೆನ್ಯೂವಿನ ಇಂಡಿಯನ್ ಅಂಗಡಿಯಿಂದ ಎರಡು ಪೌಂಡು ಬೆಲ್ಲ ತಂದ. ನಮ್ಮ ಹಳೆಯ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುತ್ತಿದ್ದರೆಂದು ಎಲ್ಲೋ ಓದಿದ್ದ.

"ಬ್ಯಾಡ್ರಿ. ನಮ್ಮಪ್ಪ ಹಾಕ್ತಿದ್ದ, ಖರೆ. ಆದ್ರ ಇವರ ಗ್ವಾಡಿ ಬೆಲ್ಲ ತಿಂದು ಬೆಳದಿಲ್ಲ. ಬಾಗಲದಾಗಿನ ಗಾರಿಯೊಳಗ ಏನ ಸಿಕ್ಕೈತಿ, ಅಷ್ಟ ಹಾಕಬೇಕು."

ಇಷ್ಟು ಎಚ್ಚರದ ಮನುಷ್ಯ. ಬೆಲ್ಲವನ್ನು ಊರಿನಲ್ಲಿಯೇ ಬಿಟ್ಟರು. ಪಂಚಾಂಗವನ್ನು ಬಿಡಲಿಲ್ಲ.

ಆಗಸ್ಟ್ ಕೊನೆಗೆ ಸಿಮೆಂಟೆಲ್ಲ ಬಿಡಿಸಿ ಆಗಿತ್ತು. ಸುಣ್ಣ ಬೆಣ್ಣೆಯಾಗಿತ್ತು. ಇನ್ನೇಕೆ ತಡ ಎಂದು ಹಾಲ್ಸಿ ಕೇಳಿದರೆ, ಬಿಸಿಲು ಇಳಿಯಲಿ ಎಂದರು. ಗುಳೇದಗುಡ್ಡದಲ್ಲಿ ಗೌಂಡಿಗಳು ಗಾರೆ ಕೆಲಸವನ್ನು ಮಳೆ ನಿಂತು, ದಸರೆಯ ದಿನ ಬನ್ನಿ ಮುಡಿದ ಮೇಲೆ ಶುರುಮಾಡುತ್ತಾರೆ. ಮುಂದಿನ ನಾಲ್ಕು ತಿಂಗಳ ತಂಪು ಬಿಸಿಲಿನಲ್ಲಿ ಸುಣ್ಣ ಬಿರಿಯದೆ ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ಅವರ ತಂದೆ ಮಾಡಿದ್ದು ಹಾಗೆ, ತಂದೆಯ ತಂದೆ ಮಾಡಿದ್ದು ಹಾಗೆ. ಇಲ್ಲಿ ಏಳು ಚಳಿಗಾಲ ಕಳೆದ ಮುರುಗೆಪ್ಪನವರಿಗೆ ಹಿಮ ಗೊತ್ತಿರಲಿಲ್ಲವೆಂದಲ್ಲ. ಅದು ಗಟ್ಟಿಯಾಗಿ ಬರುವುದು ಕ್ರಿಸ್‌ಮಸ್ ಸುಮಾರಿಗೆ, ಅಷ್ಟರಲ್ಲಿ ಎರಡು ತಿಂಗಳಾಗಿರುತ್ತದೆ, ಸಾಕು ಎಂದು ಲೆಕ್ಕ ಹಾಕಿದರು. ಅದು ಗುಳೇದಗುಡ್ಡದ ಎರಡು ತಿಂಗಳು.

ಆ ವರ್ಷ ವಿಜಯದಶಮಿ ಅಕ್ಟೋಬರ್ ಆರು, ಶನಿವಾರ. ಉಳಿ, ಕರಣಿ, ತೂಕದ ಗುಂಡು ಇವಕ್ಕೆ ವಿಭೂತಿ ಹಚ್ಚಿ ಮನೆಯಲ್ಲಿ ಪೂಜೆ ಮಾಡಿ ತಂದರು. ಬನ್ನಿ ಎಲ್ಲಿಂದ ಬರಬೇಕು? ಹಳದಿಗೆ ತಿರುಗಿದ ಮೇಪಲ್ ಎಲೆಗಳನ್ನು ಆಯ್ದು ಹಾಲ್ಸಿಯವರಿಗೊಂದು, ವ್ಯಾನ್ ಡೈನ್ ಅವರಿಗೊಂದು, ನನಗೊಂದು ಕೊಟ್ಟರು. "ಬಂಗಾರ ತಗೊಂಡು ಬಂಗಾರದಂಗ ಇರೂಣು" ಎನ್ನುವುದನ್ನು ಇಂಗ್ಲಿಷಿನಲ್ಲಿ ವಿವರಿಸಿದರು. ವ್ಯಾನ್ ಡೈನ್ ಆ ಎಲೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಹ್ಯಾಟಿನೊಳಗೆ ಇಟ್ಟುಕೊಂಡರು. ಆಫೀಸಿಗೆ ಎರಡು ವಾರ ವೆಕೇಶನ್ ಹಾಕಿ, ನವೆಂಬರ್ ಎರಡನೆಯ ವಾರಕ್ಕೆ ಮುರುಗೆಪ್ಪನವರು ಇಡೀ ಗೋಡೆ ಮುಗಿಸಿದರು. ಬೆಳ್ಳಗೆ, ಸಮನಾಗಿ, ಕಲ್ಲಿನ ಅಂಚಿಗಿಂತ ಒಂದು ಎಳೆ ಒಳಗೆ ಸರಿದು ಕೂತ ಸಂದುಗಳು. ಅದಕ್ಕಿಂತ ಅಚ್ಚುಕಟ್ಟಾದ ಕೈಕೆಲಸವನ್ನು ನಾನು ಈ ದೇಶದಲ್ಲಿ ಕಂಡಿಲ್ಲ.

ಕೆಲಸ ಮುಗಿದ ಮೂರನೆಯ ದಿನ ನೀರು ಗಡ್ಡೆ ಕಟ್ಟುವ ಚಳಿ ಬಿತ್ತು, ನಾಲ್ಕು ದಿನ ನಿಂತಿತು. ಮರುವಾರ ರಾಜ್ಯೋತ್ಸವಕ್ಕೆ ನಾವು ಹಾಲಿನಲ್ಲಿ ಸೇರಿದ್ದೆವು. ಮುರುಗೆಪ್ಪನವರು ಮೊದಲು ಗೋಡೆಯ ಹತ್ತಿರ ಹೋದರು. ಹೆಬ್ಬೆರಳಿನ ಉಗುರನ್ನು ಒಂದು ಸಂದಿಗೆ ಒತ್ತಿದರು. ಸುಣ್ಣ ಗೋಧಿ ಹಿಟ್ಟಿನಂತೆ ಉದುರಿತು. ಎರಡು ಅಡಿ ಸರಿದು ಮತ್ತೊಂದು. ಅಲ್ಲೂ ಅದೇ. ಸಾರವೆ ಹತ್ತಿ ಮೇಲೆ ನೋಡಿದರು. ಒಳಗೆ ಮಕ್ಕಳು ನಾಡಗೀತೆ ಹಾಡುತ್ತಿದ್ದರು. ಇಳಿದು ಬಂದು ನನ್ನ ಮುಂದೆ ನಿಂತರು.

"ಅಕ್ಕೋರ, ನೀವು ಓದಿದ್ರೊಳಗ, ಆಗಿನ ಗೌಂಡ್ಯಾರು ಚಳಿಗಾಲದಾಗ ಏನ ಮಾಡ್ತಿದ್ರು?"

"ಕೆಲಸ ನಿಲ್ಲಿಸುತ್ತಿದ್ದರು. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಗಾರೆಯವರನ್ನು ಮನೆಗೆ ಕಳಿಸಿ, ಹಸಿ ಗೋಡೆಗೆ ಹುಲ್ಲು, ಸಗಣಿ ಹೊದಿಸಿ ವಸಂತದವರೆಗೆ ಬಿಡುತ್ತಿದ್ದರು. ಆ ಕಾಲದ ಕಾಗದಪತ್ರಗಳಲ್ಲಿ ಹುಲ್ಲಿನ ಹೊರೆಗಳ ವಿವರ ಬೇಕಾದಷ್ಟಿದೆ."

"ಮತ್ತ ನನಗ್ಯಾಕ ಹೇಳ್ಲಿಲ್ರಿ?"

"ನೀವು ಕೇಳಲಿಲ್ಲ. ನನಗೆ ಹೊಳೆಯಲೂ ಇಲ್ಲ."

ಅದು ನಿಜ. ಮೂವತ್ತು ವರ್ಷ ಪಾಠ ಹೇಳಿದ ವಿಷಯ. ಕಣ್ಣೆದುರು ಅಕ್ಟೋಬರಿನಲ್ಲಿ ಒಬ್ಬ ಮನುಷ್ಯ ಹಸಿ ಸುಣ್ಣ ತುಂಬುತ್ತಿದ್ದಾಗ ಅದು ನನ್ನ ನೆನಪಿಗೆ ಬರಲಿಲ್ಲ.

ಅಶ್ವತ್ಥನಾರಾಯಣ ಗೋಡೆಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. "ಇಲ್ಲಿಂದ ಫಸ್ಟ್ ಕ್ಲಾಸಾಗಿ ಕಾಣ್ತಿದೆ. ನಿನ್ನೆ ತಾನೆ ವ್ಯಾನ್ ಡೈನ್ ನೋಡಿ ಬ್ಯೂಟಿಫುಲ್ ಅಂದ್ನಂತೆ. ಮುರುಗೆಪ್ಪನವರೇ, ಡಿಸೆಂಬರ್ ಮೀಟಿಂಗ್ ಮುಗೀಲಿ. ಕಂಟ್ರಾಕ್ಟರ್ ಹೋಗ್ಲಿ. ಸ್ಪ್ರಿಂಗ್‌ನಲ್ಲಿ ಟಚ್ ಅಪ್ ಅಂತ ಹೇಳಿ ಎಲ್ಲಾ ಮತ್ತೆ ಮಾಡಿ. ಯಾರಿಗೆ ಗೊತ್ತಾಗುತ್ತೆ?"

ಕೆಟ್ಟ ಉಪಾಯವಾಗಿರಲಿಲ್ಲ. ಹೇಳಿದರೆ ಗೋಡೆ ಇಳಿಯುವುದು ಬಹುಮಟ್ಟಿಗೆ ಖಚಿತವಿತ್ತು. ಹೇಳದಿದ್ದರೆ ಉಳಿಯುವ ಸಂಭವವಿತ್ತು. ಶೈಲಮ್ಮನವರೂ ಕಾರಿನಿಂದ ಇಳಿದು ಬಂದಿದ್ದರು. "ಅವರು ಹೇಳೂದು ಖರೆ ಐತಲ್ರಿ. ಹೇಳಿದ್ರ ನೀವ ಕೆಡವಿದಂಗ ಆಗತೈತಿ," ಎಂದರು.

"ಹಂಗಲ್ಲ. ಸುಣ್ಣ ಸತ್ತೈತಿ. ಈಗ ಮಳಿ ನೀರು ಸೀದಾ ಒಳಗ ಇಳೀತೈತಿ. ಮೂರು ತಿಂಗಳು ಹಿಂಗ ಬಿಟ್ರ ನಡುವಿನ ಹಳೇ ಗಚ್ಚು ಹಾಳಾಗತೈತಿ, ಆಮ್ಯಾಲೆ ಕಂಟ್ರಾಕ್ಟರ್ ಹೇಳಿದ್ದ ಖರೆ ಆಗತೈತಿ. ಈಗಿಂದೀಗ ಗ್ವಾಡಿ ಮುಚ್ಚಬೇಕು. ಮುಚ್ಚಬೇಕಂದ್ರ ಅವರನ್ನ ಕೇಳಬೇಕು. ಕೇಳಿದ್ರ ಯಾಕಂತ ಹೇಳಬೇಕು."

ಆತ್ಮಸಾಕ್ಷಿ, ಪ್ರಾಮಾಣಿಕತೆ ಎಂಬ ಮಾತುಗಳನ್ನು ಅವರು ಎತ್ತಲಿಲ್ಲ. ಗೋಡೆಗೆ ಏನು ಬೇಕು ಎನ್ನುವುದನ್ನಷ್ಟೇ ಹೇಳಿದರು.

ಡಿಸೆಂಬರ್ ಮೂರರ ಸಂಜೆ ಅದೇ ಮೇಜು, ಅದೇ ಎಂಟು ಜನ. ಹಾಲ್ಸಿ ಕರೆದದ್ದರಿಂದ ನಾನೂ ಇದ್ದೆ. ಕೃತಜ್ಞತೆಯ ನಿರ್ಣಯವೊಂದನ್ನು ಬರೆದು ತಂದಿದ್ದರು. ಅದನ್ನು ಓದುವ ಮೊದಲು ಮುರುಗೆಪ್ಪನವರು ಎದ್ದು, ಪತ್ರಿಕೆಯ ಹಾಳೆ ಹಾಸಿ, ಡಬ್ಬಿಯಿಂದ ಒಂದು ಹಿಡಿ ಬಿಳಿ ಪುಡಿ ಸುರಿದರು.

"ಇದು ಪಡುವಣ ಗೋಡೆಯ ಗಾರೆ. ಹೆಪ್ಪುಗಟ್ಟಿ ಪುಡಿಯಾಗಿದೆ."

"ಎಷ್ಟು ಭಾಗ?" ಎಂದರು ವ್ಯಾನ್ ಡೈನ್.

"ಪೂರ್ತಿ."

"ಮೊನ್ನೆ ನಾನೇ ನೋಡಿದೆ. ಚೆನ್ನಾಗಿತ್ತು."

"ನೋಡಲು ಚೆನ್ನಾಗಿದೆ. ಮುಟ್ಟಿದರೆ ಬರುತ್ತದೆ."

"ಸುಣ್ಣ ಕಳಪೆಯೋ?"

"ಸುಣ್ಣ ಸರಿಯಿತ್ತು. ಉಸುಕು ಸರಿಯಿತ್ತು. ತಿಂಗಳು ತಪ್ಪಿತು. ಸೆಪ್ಟೆಂಬರ್ ಮೊದಲಿಗೇ ಎಲ್ಲ ಸಿದ್ಧವಾಗಿತ್ತು. ನಾನು ಅಕ್ಟೋಬರಿನವರೆಗೆ ಕಾದೆ."

"ಯಾಕೆ ಕಾದಿರಿ?"

"ನಮ್ಮ ಊರಿನಲ್ಲಿ ಕಾಯುತ್ತಾರೆ."

ಯಾರೋ ಒಬ್ಬರು ನಕ್ಕರು. ವ್ಯಾನ್ ಡೈನ್ ನಗಲಿಲ್ಲ. ಪುಡಿಯನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿದರು. ಖಜಾಂಚಿ, ಕಂಟ್ರಾಕ್ಟರ್ ಜನವರಿಯಲ್ಲಿ ಬರಬಲ್ಲ ಎಂದು ನೆನಪಿಸಿದರು. ಮುರುಗೆಪ್ಪನವರು ವಾದಕ್ಕಿಳಿಯಲಿಲ್ಲ. ಸಮಯ ಕೊಟ್ಟರೆ ಮೇ ತಿಂಗಳಲ್ಲಿ ಮತ್ತೆ ಶುರುಮಾಡಿ ಸೆಪ್ಟೆಂಬರ್ ಹತ್ತರೊಳಗೆ ಮುಗಿಸುತ್ತೇನೆ, ಕೊಡದಿದ್ದರೂ ನಾಳೆಯೇ ಗೋಡೆ ಮುಚ್ಚಲು ಅನುಮತಿ ಬೇಕು ಎಂದಷ್ಟೇ ಹೇಳಿ ಕುಳಿತರು. ಉಗಿ ಹರಿಯುವ ರೇಡಿಯೇಟರ್ ಟಣಟಣ ಎನ್ನುತ್ತಿತ್ತು.

"ಮುಚ್ಚಲು ಏನೇನು ಬೇಕು?" ಎಂದರು ವ್ಯಾನ್ ಡೈನ್.

"ಒಣಹುಲ್ಲು. ಗೋಣಿ. ಅದರ ಮೇಲೆ ಟಾರ್ಪಾಲಿನ್."

"ನನ್ನ ತಮ್ಮನ ಕೊಟ್ಟಿಗೆಯಲ್ಲಿ ಹುಲ್ಲಿದೆ. ಬೆಳಿಗ್ಗೆ ಎಂಟಕ್ಕೆ ಟ್ರಕ್ ತರುತ್ತೇನೆ."

ಹಿರಿಯ ವಾರ್ಡನ್ ಹುಲ್ಲು ತರುತ್ತೇನೆಂದ ಮೇಲೆ ಗೋಡೆ ಇಳಿಸುವ ಮಾತನ್ನು ಮುಂದುವರಿಸುವ ಧೈರ್ಯ ಯಾರಿಗೂ ಬರಲಿಲ್ಲ. ಒಂದು ಬೇಸಿಗೆ ಸಿಕ್ಕಿತು. ಸಭೆಯ ನಡಾವಳಿಯನ್ನು ಆಮೇಲೆ ಹಾಲ್ಸಿ ನನಗೆ ತೋರಿಸಿದರು. ಅದರಲ್ಲಿದ್ದದ್ದು ಇಷ್ಟು: "ಮಿಸ್ಟರ್ ಕಲ್ಲೂರ್ ತಮ್ಮ ಕೆಲಸ ಕೆಟ್ಟಿದೆಯೆಂದು ವರದಿ ಮಾಡಿದರು. ಅವರಿಗೆ ಕೃತಜ್ಞತೆ ಸಲ್ಲಿಸುವ ನಿರ್ಣಯ ಅಂಗೀಕಾರವಾಯಿತು." ಮೊದಲೇ ಬರೆದು ತಂದಿದ್ದ ನಿರ್ಣಯವನ್ನೇ ಹಾಗೆ ಸೇರಿಸಿದ್ದರೋ, ಬೇಕೆಂದೇ ಸೇರಿಸಿದ್ದರೋ ನಾನು ಕೇಳಲಿಲ್ಲ.

ಆ ಚಳಿಗಾಲವೆಲ್ಲ ಪಡುವಣ ಗೋಡೆ ಹುಲ್ಲಿನ ಬಣವೆಯಂತೆ ನಿಂತಿತ್ತು. ಭಾನುವಾರ ಪೂಜೆಗೆ ಬಂದವರು ಅದನ್ನು ನೋಡಿ ನಕ್ಕು ಒಳಗೆ ಹೋಗುತ್ತಿದ್ದರು. ತಮ್ಮ ಆಫೀಸಿನಲ್ಲಿ ಇದನ್ನು ಇಂಡಿಯನ್ ಬೆಡ್ಡಿಂಗ್, ಇಂಡಿಯದವನ ಹಾಸಿಗೆ ಎಂದು ತಮಾಷೆ ಮಾಡುತ್ತಾರೆಂದು ಮುರುಗೆಪ್ಪನವರೇ ನನಗೆ ಹೇಳಿದರು. ಹೇಳುವಾಗ ಅವರಿಗೆ ನೋವಾದಂತೆ ಕಾಣಲಿಲ್ಲ. ಮುರುಗೆಪ್ಪನವರು ಪ್ರತಿ ಶನಿವಾರ ಬಂದು ಎಲ್ಲಾದರೂ ಹುಲ್ಲು ಜಾರಿದ್ದರೆ ಸರಿಮಾಡಿ ಹೋಗುತ್ತಿದ್ದರು.

೧೯೭೪ರ ವಸಂತದಲ್ಲಿ ಹೊದಿಕೆ ತೆಗೆದು, ತಾವೇ ತುಂಬಿದ್ದನ್ನು ತಾವೇ ಕೆರೆದು ತೆಗೆದರು. ಸಿಮೆಂಟಿಗೆ ಇಡೀ ಬೇಸಿಗೆ ಹಿಡಿದಿತ್ತು. ತಮ್ಮದಕ್ಕೆ ನಾಲ್ಕು ವಾರ. ಅಷ್ಟು ಚೆಂದದ ಸಂದುಗಳನ್ನು ಉಳಿಯ ತುದಿಯಿಂದ ಕೆಳಕ್ಕೆ ಕೆಡವುವಾಗ ಅವರ ಮುಖದಲ್ಲಿ ಏನಿತ್ತೆಂದು ಕೇಳುವವರಿದ್ದಾರೆ. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು, ಕಾಣುತ್ತಿರಲಿಲ್ಲ. ಹಿಂದಿನ ವರ್ಷ ಹೆದರಿದ್ದ ಜೂನ್ ಬಿಸಿಲಿಗೆ ಒದ್ದೆ ಗೋಣಿ ಕಟ್ಟಿ ನೆರಳು ಮಾಡಿದರು. ಗುಳೇದಗುಡ್ಡದ ಬಿಸಿಲಿನ ಮುಂದೆ ಅದು ಬಿಸಿಲೇ ಆಗಿರಲಿಲ್ಲ. ಗೋಣಿಗೆ ನೀರು ಹಾಕುವ ಕೆಲಸವನ್ನು ವ್ಯಾನ್ ಡೈನ್ ವಹಿಸಿಕೊಂಡರು. ಮಂಡಿ ನೋವಿನ ಮನುಷ್ಯ ಸ್ಟೂಲಿನ ಮೇಲೆ ಕುಳಿತು, ಗಂಟೆಗೊಮ್ಮೆ ಎದ್ದು, ಹೋಸ್ ಹಿಡಿದು ನೀರು ಬಿಡುತ್ತಿದ್ದರು. ಇಬ್ಬರೂ ಮಾತಾಡಿದ್ದು ಕಡಿಮೆ. ಶೈಲಮ್ಮನ ಶೇಂಗಾ ಹಿಂಡಿಯನ್ನು ಅವರು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನಲು ಕಲಿತರು. ಮೊದಲ ದಿನ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ.

ಸೆಪ್ಟೆಂಬರ್ ಎಂಟಕ್ಕೆ ಗಂಟೆಗೂಡಿನ ಕೊನೆಯ ಸಂದು ತುಂಬಿತು. ಆ ವರ್ಷ ದಸರೆ ಅಕ್ಟೋಬರ್ ಕೊನೆಗೆ ಬಂತು. ಗೋಡೆ ಆಗಲೇ ಗೋಣಿ ಹೊದ್ದಿತ್ತು, ಮಾಡುವ ಕೆಲಸ ಇರಲಿಲ್ಲ. ಆದರೂ ಮುರುಗೆಪ್ಪನವರು ಬಂದು ಮೇಪಲ್ ಎಲೆ ಹಂಚಿ ಹೋದರು.

೧೯೭೫ರ ಏಪ್ರಿಲಿನಲ್ಲಿ ಹೊದಿಕೆ ಬಿಚ್ಚಿದಾಗ ಮಂಡಳಿಯವರೆಲ್ಲ ಬಂದಿದ್ದರು. ಯಾರೂ ಹತ್ತಿರ ಹೋಗಲಿಲ್ಲ. ವ್ಯಾನ್ ಡೈನ್ ಕೋಟಿನ ಜೇಬಿನಿಂದ ಪೆನ್‌ನೈಫ್ ತೆಗೆದು, ಎದೆಯೆತ್ತರದ ಒಂದು ಸಂದಿಗೆ ಅಲಗಿಟ್ಟು ಬಲವಾಗಿ ಒತ್ತಿದರು. ಅಲಗು ಜಾರಿ ಕಲ್ಲಿಗೆ ತಾಗಿತು. ಇನ್ನೊಂದು ಕಡೆ ಒತ್ತಿದರು. ಆಮೇಲೆ ಚಾಕುವನ್ನು ಮಡಿಸಿ, "ರೆವರೆಂಡ್, ಗಂಟೆ ಹೊಡೆಸಬಹುದು," ಎಂದರು. ಎರಡು ವರ್ಷದಿಂದ ಸುಮ್ಮನಿದ್ದ ಗಂಟೆಗಳು ಹೊಡೆದವು. ಇನ್ನು ಬರುವುದು ಬೇಡವೆಂದು ಕಂಟ್ರಾಕ್ಟರನಿಗೆ ಪತ್ರ ಬರೆದು ಕಳಿಸಿದ್ದು ಮರುದಿನ.

ಈಗ ೧೯೭೯. ಐದು ಚಳಿಗಾಲ ಕಳೆದಿವೆ, ಒಂದು ಕಲ್ಲೂ ಸಿಪ್ಪೆ ಬಿಟ್ಟಿಲ್ಲ. ವ್ಯಾನ್ ಡೈನ್ ಹೋದ ವರ್ಷ ತೀರಿಕೊಂಡರು. ಮುರುಗೆಪ್ಪನವರು ಅದೇ ಆಫೀಸಿನಲ್ಲಿ ಅದೇ ಪೈಪುಗಳನ್ನು ಬರೆಯುತ್ತಿದ್ದಾರೆ. ಇಂಗ್ಲೆಂಡಿನ ಆ ಮೂಲ ಚರ್ಚನ್ನು ನೋಡಿ ಬನ್ನಿ, ವಿಳಾಸ ಕೊಡುತ್ತೇನೆ ಎಂದು ನಾನು ಹೇಳಿದರೆ, ಅಲ್ಲಿನ ಗೋಡೆಗೆ ಏನಾದರೂ ಆಗಿದೆಯೇ ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ಹೋಗುವುದೇಕೆ ಎಂದರು.

ಪ್ರತಿ ಏಪ್ರಿಲಿನಲ್ಲಿ, ಹಿಮ ಕರಗಿದ ಮೊದಲ ಭಾನುವಾರ, ಅವರು ಬಂದು ಪಡುವಣ ಗೋಡೆಯುದ್ದಕ್ಕೂ ಹೆಬ್ಬೆರಳಿನ ಉಗುರು ಒತ್ತುತ್ತಾ ನಡೆಯುತ್ತಾರೆ. ಈ ವರ್ಷ ನಾನು ಅಲ್ಲಿದ್ದೆ. ಮಳೆ ಹನಿಯುತ್ತಿತ್ತು. ಶೈಲಮ್ಮ ಕೊಡೆ ಹಿಡಿದು ಹಿಂದೆ ನಡೆಯುತ್ತಿದ್ದರು.

"ಇನ್ನಾ ಎಷ್ಟ ವರ್ಷ ಉಗುರು ಹಚ್ಚಿ ನೋಡ್ತೀರಿ? ಗಟ್ಟಿ ಆಗೈತಲ್ಲ?"

"ಸುಣ್ಣ ಪೂರಾ ಗಟ್ಟಿ ಆಗಾಕ ನೂರು ವರ್ಷ ಬೇಕಂತ ನಮ್ಮಪ್ಪ ಹೇಳ್ತಿದ್ದ."

"ಹಂಗಾದ್ರ ನಾ ಕಾರಿನಾಗ ಕೂಡ್ತೀನಿ," ಎಂದು ಶೈಲಮ್ಮ ಕೊಡೆಯನ್ನು ಗಂಡನ ಕೈಗೆ ಕೊಟ್ಟು ಹೋದರು. ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳು ಒತ್ತುತ್ತಾ, ಅವರು ಗೋಡೆಯ ಕೊನೆಯವರೆಗೆ ನಡೆದರು.